ಎರಡು ಸೀಟಿ

ಅಮಸಿದ್ದ ಮೋರಟಗಿಗೆ ಬಂದದ್ದು ಹೆಂಡತಿಯನ್ನು ಕರೆದೊಯ್ಯಲು, ರೆಫ್ರಿಯಾಗಲು ಅಲ್ಲ. ಆದರೆ ಬಸ್ ಕಂಡಕ್ಟರನ ಜೇಬಿನಲ್ಲಿ ರಜೆಯ ದಿನವೂ ಸೀಟಿ ಇರುತ್ತದೆ. ಎಲ್ಲ ತಾಪತ್ರಯಕ್ಕೂ ಅದೇ ಮೂಲ.

ಹೆಂಡತಿ ಸುವರ್ಣಾ ಸಿಟ್ಟಿನಿಂದ ತವರು ಸೇರಿದ್ದಳು. ಕಾರಣ ಸಣ್ಣದು. ಅವಳೂ ಅವಳ ತಮ್ಮ ಕಾಂತೂನೂ ಇವನ ಬಸ್ಸು ಹತ್ತಿದ್ದರು. "ಅಕ್ಕಗ ಫ್ರೀ ಐತಿ, ತಮ್ಮಗ್ಯಾಕ ತಿಕೀಟ, ಮಾಮಾ?" ಎಂದು ಕಾಂತು ನಕ್ಕ. ಬಸ್ಸೆಲ್ಲ ನಕ್ಕಿತು. ಅಮಸಿದ್ದ ನಗದೆ ತಿಕೀಟು ಕೈಗಿಟ್ಟ. "ನಾಕ ಮಂದ್ಯಾಗ ನನ್ನ ತಮ್ಮನ ಮರ್ಯಾದಿ ತಗದ್ರಿ" ಎಂದು ಸುವರ್ಣಾ ಅಂದೇ ಚೀಲ ಕಟ್ಟಿದಳು. ಆಮೇಲೆ ಸಿಂದಗಿಯ ಮನೆಯಲ್ಲಿ ಅಮಸಿದ್ದ ತಾನೇ ಬಡಿದ ರೊಟ್ಟಿ ತಿನ್ನುತ್ತಿದ್ದ. ಅದು ರೊಟ್ಟಿಯೆಂದು ನಂಬಿದವನು ಅವನೊಬ್ಬನೇ. ರೊಟ್ಟಿಯ ಮಾತು ಹಾಗಿರಲಿ, ಅವಳಿಲ್ಲದ ಮನೆಗೆ ಹೋಗಲು ಅವನಿಗೆ ಕಾಲೇ ಬರುತ್ತಿರಲಿಲ್ಲ.

ಬಸ್ಸಿಳಿಯುತ್ತಲೇ ಮಾವ ಹಣಮಂತ್ರಾಯರು ರಟ್ಟೆ ಹಿಡಿದರು. ಮಿಲಿಟರಿಯಿಂದ ರಜೆಗೆ ಬಂದವರು ಹಚ್ಚಿದ ಫುಟ್‌ಬಾಲ್ ಹುಚ್ಚು ಸುತ್ತಲಿನ ಹಳ್ಳಿಗಳಿಗೆಲ್ಲ ಹಬ್ಬಿ ಈಗ ಲೀಗ್ ಆಗಿತ್ತು. ಮಾವನವರೇ ಅದರ ಅಧ್ಯಕ್ಷರು. ಇಂದು ಮೋರಟಗಿಗೂ ದೇವಣಗಾಂವಕ್ಕೂ ಫೈನಲ್. ಬರಬೇಕಾದ ರೆಫ್ರಿ ಕೈಕೊಟ್ಟಿದ್ದ.

"ಅಳ್ಯಾರ, ಸೀಟಿ ಐತಿಲ್ರಿ?"

"ಐತ್ರಿ ಮಾವಾರ. ಆದ್ರ ನನಗ ಆಟ ಗೊತ್ತಿಲ್ರಿ."

"ಆಟ ಗೊತ್ತಿದ್ದಾವ್ರು ಭಾಳ ಮಂದಿ ಅದಾರ. ಸೀಟಿ ಇದ್ದಾವ್ರು ನೀವೊಬ್ಬರ. ಚೆಂಡಿಗೆ ಕೈ ಹತ್ತಬಾರದು, ಯಾರದೂ ಕಾಲ ಮುರೀಬಾರದು. ಇಷ್ಟ ನೋಡ್ರಿ."

"ಮತ್ತ ಸುವರ್ಣಾನ್ನ..."

"ನಾವು ಗೆಲ್ಲಲಿ. ಹೋಳಿಗಿ ಉಂಡು ನಾನ ಮಗಳನ್ನ ಬಸ್ ಹತ್ತಸ್ತೇನಿ."

ಸೋತರೆ ಏನೆಂದು ಮಾವ ಹೇಳಲಿಲ್ಲ, ಅಳಿಯ ಕೇಳಲೂ ಇಲ್ಲ.

ಜೋಳ ಕೊಯ್ದ ಎರೆಹೊಲವೇ ಮೈದಾನ. ಅಮಸಿದ್ದ ನಡುವೆ ನಿಂತು ಉದ್ದಕ್ಕೆ ಒಂದು ಸೀಟಿ ಊದಿದ. ಆಟಗಾರರೆಲ್ಲ ನಿಂತಲ್ಲೇ ನಿಂತರು.

"ಆಡ್ರಿ!" ಎಂದ ಅಮಸಿದ್ದ.

"ಒಂದ ಹೊಡದ್ರ ನಿಂದ್ರೂದಲ್ರಿ, ಸಾಹೇಬ್ರ?" ಎಂದು ಕೇಳಿದ ದೇವಣಗಾಂವದ ಗೋಲ್‌ಕೀಪರ್ ಗುರುನಾಥ.

ತಪ್ಪೇನಿಲ್ಲ. ಎರಡೂ ಊರಿನವರು ದಿನಾ ಅಮಸಿದ್ದನದೇ ಬಸ್ಸಿನಲ್ಲಿ ಓಡಾಡುವವರು. ಒಂದು ಸೀಟಿ ಎಂದರೆ ನಿಲ್ಲುವುದು, ಎರಡು ಎಂದರೆ ರೈಟ್. ಅಮಸಿದ್ದ ಎರಡು ಊದಿದ. ಎಲ್ಲರೂ ಓಡಿದರು. ಹೊಲದ ಬದುವಿನಲ್ಲಿ ಕೂತಿದ್ದ ಹುಚ್ಚವ್ವ ಎಂಬ ಮುದುಕಿಯೂ ಗಂಟು ಎತ್ತಿಕೊಂಡು, "ತಡೀರಿ, ನಾನೂ ಬರ್ತೇನಿ!" ಎಂದು ಮೈದಾನಕ್ಕೆ ನುಗ್ಗಿದಳು. ಇದು ಸಿಂದಗಿ ಬಸ್ಸಲ್ಲ ಎಂದು ಒಪ್ಪಿಸುವುದರಲ್ಲಿ ದೇವಣಗಾಂವದವರು ಒಂದು ಗೋಲು ಹೊಡೆದಿದ್ದರು. ಸ್ವಲ್ಪ ಹೊತ್ತಿಗೆ ಚೆಂಡು ಎರೆಮಣ್ಣಿನ ಬಿರುಕಿನಲ್ಲಿ ಸಿಕ್ಕಿ, ಎಳೆಯಹೋದ ದೇವಣಗಾಂವದವನು ತನ್ನದೇ ಗೋಲಿಗೆ ಒದ್ದ. ಸಮ ಸಮ.

ಆಟ ಮುಗಿಯಲು ಬಂದಿತ್ತು. ಮೋರಟಗಿಯ ಪರ ಆಡುತ್ತಿದ್ದ ಕಾಂತು ಚೆಂಡಿನೊಂದಿಗೆ ದೇವಣಗಾಂವದ ಗೋಲಿನತ್ತ ನುಗ್ಗಿದ. ಪುಟಿದ ಚೆಂಡನ್ನು ಕೈಯಿಂದಲೇ ಮುಂದಕ್ಕೆ ತಳ್ಳಿದ. ಬೇರೆ ಯಾರಿಗೂ ಕಾಣಲಿಲ್ಲ. ಅಮಸಿದ್ದನಿಗೆ ಕಂಡಿತು. ತುಂಬಿದ ಬಸ್ಸಿನಲ್ಲಿ ತಿಕೀಟಿಲ್ಲದವನನ್ನು ಹುಡುಕುವ ಕಣ್ಣು ಅದು.

ಒಂದು ಸೀಟಿ ಹೊಡೆದ. ಗುರುನಾಥ ನಿಂತ. ಕಾಂತೂನೂ ನಿಂತು ಮಾಮಾನ ಮುಖ ನೋಡಿದ. ಅತ್ತ ಮಾವನವರು ಎದ್ದು ನಿಂತಿದ್ದರು. ಅಮಸಿದ್ದನಿಗೆ ಸಿಂದಗಿಯ ಖಾಲಿ ಮನೆ ನೆನಪಾಯಿತು. ನ್ಯಾಯ ಇನ್ನೊಂದು ದಿನ ನೋಡಿಕೊಂಡರಾಯಿತು ಎನ್ನಿಸಿತು. ಅಂಥ ದಿನ ಯಾರಿಗೂ ಬಂದದ್ದಿಲ್ಲ, ಆದರೂ ಹಾಗನ್ನಿಸುತ್ತದೆ. ಸೀಟಿ ಮತ್ತೊಮ್ಮೆ ಕೂಗಿತು.

ಕಾಂತು ಚೆಂಡನ್ನು ಮೆಲ್ಲಗೆ ಒಳಗೆ ತಳ್ಳಿದ.

"ಒಂದ ಹೊಡದ್ರಿ ಅಂತ ನಿಂತೆ. ಮತ್ತೊಂದ್ಯಾಕ ಹೊಡದ್ರಿ?" ಗುರುನಾಥ ಓಡಿ ಬಂದು ಕೇಳಿದ.

"ಎರಡಂದ್ರ ರೈಟ್" ಎಂದ ಅಮಸಿದ್ದ, ಅವನ ಮುಖ ನೋಡದೆ.

ಮೋರಟಗಿಯವರು ಅಮಸಿದ್ದನಿಗೆ ಗುಲಾಲು ಎರಚಿ ಹೆಗಲ ಮೇಲೆ ಹೊತ್ತು ಮಾವನ ಮನೆಯ ಮುಂದೆ ಇಳಿಸಿದರು. ಬಾಗಿಲಲ್ಲಿ ಸುವರ್ಣಾ ನಿಂತಿದ್ದಳು. ಕಾಲ ಬಳಿ ಕಟ್ಟಿದ ಚೀಲ. ಅಮಸಿದ್ದನ ಜೀವ ಹೂವಾಯಿತು.

"ಚೀಲ ಆಗಲೇ ಕಟ್ಟೀಯಲ್ಲ!"

"ಮುಂಜಾನೆ ಕಟ್ಟೇನಿ. ಬಾಜೂ ಮನಿ ಶಮಶಾದಬಿ ಚಾಚಿ ಅಂದ್ಲು, 'ಹೇಣ್ತಿ ತಮ್ಮಗೂ ತಿಕೀಟ ಬಿಡಲಿಲ್ಲಂದ್ರ ನಿನ್ನ ಗಂಡ ಬಂಗಾರದಂಥಾವ' ಅಂತ. ಖರೆ ಅನ್ನಿಸ್ತು. ನಿಮ್ಮ ಹಾದಿ ನೋಡ್ಕೋತ ಕುಂತಿದ್ದೆ." ಅವಳ ದನಿ ಇಳಿಯಿತು. "ಈಗ ಕಾಂತು ನಕ್ಕೋತ ಬಂದು ಹೇಳಿದ, 'ಕೈ ಹತ್ತಿತ್ತು, ಮಾಮಾ ನೋಡೂ ನೋಡಿದ, ಬಿಟ್ಟೂ ಬಿಟ್ಟ' ಅಂತ. ಖರೆ ಏನ್ರಿ?"

ಅಮಸಿದ್ದ ಗುಲಾಲು ಒರೆಸಿಕೊಂಡ. "ನಿನ್ನ ಸಲುವಾಗಿ ಮಾಡ್ದೆ."

"ನಾ ಬರಂಗಿಲ್ಲ" ಎಂದು ಅವಳು ಚೀಲ ಎತ್ತಿಕೊಂಡು ಒಳಗೆ ಹೋದಳು.

ಹಿಂದೆಯೇ ಮಾವನವರು ಬಂದರು, ಮುಖದ ತುಂಬ ನಗು. "ಅಳ್ಯಾರ, ಕಮಿಟಿಯವ್ರೆಲ್ಲ ಕೂಡಿ ಠರಾವ್ ಮಾಡೀವಿ. ಇನ್ನ ಮ್ಯಾಲ ಲೀಗಿಗೆ ಕಾಯಂ ರೆಫ್ರಿ ನೀವ! ನಿಮ್ಮಂಥಾ ಪ್ರಾಮಾಣಿಕರು ಎಲ್ಲಿ ಸಿಗಬೇಕು?"

ಸಂಜೆ ಎಲ್ಲರೂ ಹೋಳಿಗೆ ಊಟಕ್ಕೆ ಕೂತರು. ಸುವರ್ಣಾ ತುಪ್ಪದ ತಂಬಿಗೆ ಹಿಡಿದು ಬಂದಳು. ಅಮಸಿದ್ದ ತಟ್ಟೆಗೆ ಅಂಗೈ ಅಡ್ಡ ಹಿಡಿದು ಸಾಕೆಂದ. ಮದುವೆಯಾದಾಗಿನಿಂದ ಅವನು ಸಾಕೆನ್ನುವುದು, ಅವಳು ಗದರಿ ಆ ಕೈಯನ್ನು ಸರಿಸಿ ಸುರಿಯುವುದು ರೂಢಿ.

"ಆತು" ಎಂದು ಸುವರ್ಣಾ ಮುಂದಿನ ತಟ್ಟೆಗೆ ಹೋದಳು.