ಊಟದ ಮೇಲಿನ ಅರ್ಧ ಲೋಟ

ಇನ್ನೊಬ್ಬರ ಮನೆಯ ತಪ್ಪು ಬರೆಯುವಾಗ ನನ್ನ ಕೈ ನಡುಗುವುದಿಲ್ಲ. ಕಡೂರು, ತರೀಕೆರೆ, ಅಜ್ಜಂಪುರದ ಸುದ್ದಿಗಳನ್ನು ವರ್ಷಗಟ್ಟಲೆ ಬರೆದವನಿಗೆ ಅಷ್ಟು ಧೈರ್ಯ ತಾನಾಗಿ ಬಂದುಬಿಡುತ್ತದೆ. ಮಕ್ಕಳ ರಕ್ತಹೀನತೆಯ ಬಗ್ಗೆಯೂ ಬರೆದಿದ್ದೇನೆ. ಆ ವರದಿಯಲ್ಲಿ 'ಪೋಷಕರ ನಿರ್ಲಕ್ಷ್ಯ' ಎಂಬ ಮಾತನ್ನು ಎರಡು ಕಡೆ ಹಾಕಿದ್ದೆ; ಪತ್ರಿಕೆಯ ಡೆಸ್ಕಿನವರು ಒಂದನ್ನು ತೆಗೆದರೆಂದು ಜಗಳವನ್ನೂ ಆಡಿದ್ದೆ.

ಹೀಗಿರುವಾಗ, ಬೀರೂರಿನ ಶಾಲೆಯಲ್ಲಿ ಐದನೇ ತರಗತಿ ಓದುವ ನನ್ನ ಮಗಳು ಸಿಂಚನ, ಸರ್ಕಾರಿ ಆಸ್ಪತ್ರೆಯವರು ಶಾಲೆಗೆ ಬಂದು ರಕ್ತ ಪರೀಕ್ಷಿಸಿ ಕೊಟ್ಟ ಒಂದು ಚೀಟಿ ತಂದಳು. ಅವಳಿಗೆ ರಕ್ತ ಕಡಿಮೆಯಂತೆ. ಸರಿಹೋಗುವವರೆಗೆ ಖೋಖೋ ತಂಡದಲ್ಲಿ ಆಡುವಂತಿಲ್ಲವಂತೆ. ಅವಳು ಗೋಡೆಗೆ ಮುಖ ಮಾಡಿ ಅಳುತ್ತಿದ್ದರೆ ನನಗೆ ಬಂದದ್ದು ಸಿಟ್ಟು. ದಿನಾ ರಾಗಿಮುದ್ದೆ, ಸೊಪ್ಪಿನ ಸಾರು ಉಣ್ಣುವ ಮನೆಯ ಮಗುವಿಗೆ ರಕ್ತ ಕಡಿಮೆಯೇ? ಅವರ ಮೆಷಿನ್ ಕೆಟ್ಟಿರಬೇಕು! ಸಾಲದ್ದಕ್ಕೆ ಪಂಚನಹಳ್ಳಿಯಿಂದ ಅಕ್ಕನ ಫೋನು: "ಏನಪ್ಪಾ, ಊರಿಗೆಲ್ಲ ಬುದ್ಧಿ ಹೇಳ್ತೀಯ, ಮಗೀಗೆ ಹೊಟ್ಟೆಗೆ ಹಾಕಲ್ವಾ?"

ಮರುದಿನವೇ ಮಗಳನ್ನು ಬೈಕಿನಲ್ಲಿ ಕೂರಿಸಿಕೊಂಡು, ನೋಟ್‌ಬುಕ್ ಸಮೇತ ಆಸ್ಪತ್ರೆಗೆ ನುಗ್ಗಿದೆ. ಸಿಸ್ಟರ್ ನನ್ನ ನೋಟ್‌ಬುಕ್ಕಿಗೆ ಹೆದರಲಿಲ್ಲ. ಇನ್ನೊಮ್ಮೆ ಬೆರಳು ಚುಚ್ಚಿ ನೋಡಿದರು.

"ಮೆಷಿನ್ ಚೆನ್ನಾಗೈತೆ ಸಾರ್. ನಿಮ್ ಮನೇದು ಒಂದೇ ಅಲ್ಲ, ತೋಟ ಇರೋರ ಮಕ್ಳೂ ಅವ್ರೆ, ಕೂಲಿಯವ್ರ ಮಕ್ಳೂ ಅವ್ರೆ. ಕೆಲವ್ರು ಸೊಪ್ಪೇ ಮುಟ್ಟಲ್ಲ, ಕೆಲವ್ರಿಗೆ ಹೊಟ್ಟೆ ತುಂಬ ಹುಳ. ನೀ ಹೇಳು ಪುಟ್ಟಿ, ಊಟ ಆದ್ಮೇಲೆ ಏನ್ ಕುಡೀತೀಯ?"

"ಟೀ."

"ಯಾರು ಕೊಡೋದು?"

ಮಗಳು ನನ್ನ ಕಡೆ ನೋಡಿದಳು.

ಮುದ್ದೆ ಇಳಿದ ಕೂಡಲೇ ನನಗೆ ಸ್ಟ್ರಾಂಗ್ ಟೀ ಬೇಕು. ಅದರಲ್ಲಿ ಅರ್ಧ ಲೋಟ ಮಗಳಿಗೆ. ಅವಳು ನಡೆಯಲು ಕಲಿತಾಗಿನಿಂದ ನಮ್ಮಿಬ್ಬರ ಪ್ರೀತಿ ನಡೆದುಬಂದಿರುವುದೇ ಹೀಗೆ. ಶಾಲೆಯಲ್ಲಿ ಕೊಟ್ಟ ಕಬ್ಬಿಣದ ಮಾತ್ರೆ ವಾಸನೆ ಎಂದು ಅವಳು ಮುಖ ಹಿಂಡಿದಾಗ ಅದನ್ನೂ ಟೀ ಜೊತೆಯೇ ನುಂಗಿಸಿದ್ದೆ.

"ಸೊಪ್ಪಲ್ಲಿರೋ ಕಬ್ಬಿಣದಂಶ ಮೈಗೆ ಹತ್ತೋಕೆ ನಿಮ್ ಟೀ ಬಿಡ್ಬೇಕಲ್ಲ ಸಾರ್!"

"ಇದನ್ನ ಮೊದ್ಲೇ ಹೇಳೋಕೆ ನಿಮಗೇನ್ರೀ ಕಷ್ಟ?" ಎಂದು ಗದರಿದೆ.

"ಹೇಳಿದ್ವಲ್ಲ ಸಾರ್, ರಕ್ತಹೀನತೆ ಸುದ್ದಿಗೆ ಅಂತ ಪತ್ರಿಕೆಗೆ ಕೊಟ್ಟ ಹಾಳೇಲಿ ಬರ್ದಿದ್ವಿ. ನೀವೇ ತಾನೆ ಇಸ್ಕೊಂಡು ಹೋಗಿದ್ದು?"

ನಿಜ. ಆ ಸಾಲನ್ನು ಹೊಡೆದುಹಾಕಿದವನೂ ನಾನೇ. ಟೀ ಕುಡಿಯುವುದೂ ಒಂದು ಸುದ್ದಿಯೇ ಎಂದು ಆಗಲೂ ಸಿಟ್ಟು ಬಂದಿತ್ತು.

ಅಂದಿನಿಂದ ಮನೆಯಲ್ಲಿ ಟೀ ಬಂದ್. ಮಾತ್ರೆಗೆ ನಿಂಬೆಹಣ್ಣಿನ ಪಾನಕ. ಹುಳುವಿನ ಮಾತ್ರೆಯೂ ಆಯಿತು. ಕೆಲವು ತಿಂಗಳ ಮೇಲೆ ಸಿಸ್ಟರ್ ಮತ್ತೆ ಬೆರಳು ಚುಚ್ಚಿ, "ಹೋಗು ಪುಟ್ಟಿ, ಓಡು!" ಎಂದರು. ಸಿಂಚನ ಕುಣಿಯುತ್ತಲೇ, "ಅಪ್ಪನೂ ನನಗೋಸ್ಕರ ಟೀ ಬಿಟ್ಬಿಟ್ರು ಸಿಸ್ಟರ್!" ಎಂದು ಸಾರಿದಳು.

"ಇಂಥ ಅಪ್ಪಂದಿರ ಬಗ್ಗೆ ಪೇಪರ್‌ನಲ್ಲಿ ಬರೀಬೇಕು ಸಾರ್" ಎಂದರು ಸಿಸ್ಟರ್.

ನಾನು ವಿನಯದಿಂದ ತಲೆ ತಗ್ಗಿಸಿದೆ. ಬೀರೂರು ಸ್ಟೇಷನ್ ಎದುರಿನ ಟೀ ಅಂಗಡಿಯವನು ಪುಣ್ಯಕ್ಕೆ ಅಲ್ಲಿರಲಿಲ್ಲ.