ಟ್ಯೂಲಿಪ್ ಗೆಡ್ಡೆಗೆ ಸ್ಕ್ರೀನಿಂಗ್ ಫೀಸು

ಅವಮಾನಗಳು ತಾವಾಗಿ ನನ್ನನ್ನು ಹುಡುಕಿಕೊಂಡು ಬರುತ್ತವೆ ಅಂದರೆ ಸುಳ್ಳಾಗುತ್ತದೆ. ಬಾಯಿ ಬಿಟ್ಟು ನಾನೇ ಕರೆಸಿಕೊಳ್ಳುತ್ತೇನೆ. ಹೊರದೇಶದಿಂದ ಬರುವ ಯಂತ್ರಗಳಿಗೆ ಕಸ್ಟಮ್ಸ್ ಕಾಗದ ತುಂಬಿಕೊಡುವ ಖಾಸಗಿ ಏಜೆನ್ಸಿಯಲ್ಲಿ ನಾನು ಇಪ್ಪತ್ತು ವರ್ಷದಿಂದ ಗುಮಾಸ್ತ.

ಬಿರುದು

ಬಸವೇಶ್ವರನಗರಕ್ಕೆ ಬಾಡಿಗೆಗೆ ಬಂದ ದಿನ ಮನೆ ಓನರ್ ಆಂಟಿ, ರಿಟೈರ್ಡ್ ಟೀಚರ್, "ಎಲ್ಲಿ ಕೆಲಸ?" ಎಂದು ಕೇಳಿದರು. "ಕಸ್ಟಮ್ಸ್..." ಅಂದೆ. ಪೂರ್ತಿ ಹೇಳುವಷ್ಟರಲ್ಲಿ ಒಳಗಿಂದ ಕುರ್ಚಿ ತಂದರು. ಕುರ್ಚಿ ಬಂದ ಮೇಲೆ ಉಳಿದದ್ದನ್ನು ನುಂಗಿಕೊಂಡೆ. ಅವತ್ತಿನಿಂದ ಬೀದಿಗೆಲ್ಲ ನಾನು ಆಫೀಸರ್. ಇಸ್ತ್ರಿ ಅಂಗಡಿಯವನು ಒಮ್ಮೆ ಗುಟ್ಟಾಗಿ ಕೇಳಿದ, "ಸಾರ್, ಹಿಡಿದಿದ್ ಚಿನ್ನ ಎಲ್ಲಾ ಎಲ್ಲಿಡ್ತೀರಾ?"

"ಅದನ್ನ ಹೇಳೋ ಹಾಗಿಲ್ಲ" ಅಂದೆ. ನನಗೂ ಗೊತ್ತಿರಲಿಲ್ಲ ಅನ್ನುವುದು ಬೇರೆ ಮಾತು.

ಗೇಟಿನ ಮುಂದೆ

ಬಡಾವಣೆಯ ಹೂವಿನ ಸ್ಪರ್ಧೆಗೆಂದು ಆಂಟಿ ಹೊರದೇಶದಿಂದ ಟ್ಯೂಲಿಪ್ ಗೆಡ್ಡೆ ತರಿಸಿದರು. ತಾರಸಿಯಲ್ಲಿ ಕುಂಡಗಳಿಗೆ ಮಣ್ಣು ತುಂಬಿಸಿ ಕಾಯುತ್ತಿದ್ದರು. ಒಂದು ಬೆಳಿಗ್ಗೆ ಕೊರಿಯರಿನವನು ಬಂದು, "ಗೆಡ್ಡೆಗೆ ರೋಗ ಇದ್ಯಾ ಅಂತ ಸ್ಕ್ರೀನಿಂಗ್ ಮಾಡಿದಾರೆ. ಸರ್ಕಾರದ ಫೀಸು ಕೊಟ್ಟು ಪಾರ್ಸೆಲ್ ತಗೊಳ್ಳಿ" ಅಂದ. ಆಂಟಿ ನನ್ನನ್ನು ಕೂಗಿದರು.

"ಯಾರ ಮನೆಗೆ ಬಂದಿದೀಯಾ ಗೊತ್ತಾ? ಸರ್ಕಾರ ಗೇಟ್ ಹತ್ರ ನಿಂತು ಫೀಸ್ ಕೇಳಲ್ಲ ಕಣಯ್ಯಾ" ಅಂತ ಜೋರು ಮಾಡಿದೆ. ಅವನು ರಸೀದಿ ಚಾಚಿದ. ನಾನು ನೋಡಲೇ ಇಲ್ಲ. ಅಷ್ಟರಲ್ಲಿ ಅಕ್ಕಪಕ್ಕದವರು ಸೇರಿದ್ದರು. ಅವನು ಪಾರ್ಸೆಲ್ ಸಮೇತ ಹೊರಟುಹೋದ. ಮಧ್ಯಾಹ್ನ ಆಫೀಸಿನಲ್ಲಿ ವಿಚಾರಿಸಿದೆ. ಫೀಸು ನಿಜ, ರಸೀದಿ ನಿಜ, ಗೆಡ್ಡೆ ವಾಪಸ್ ಹೊರಟಿದ್ದೂ ನಿಜ. ಆಫೀಸರ್ ಒಬ್ಬನೇ ಸುಳ್ಳು.

ಸರಿಯಾದ ಲೆಕ್ಕ

ಹೇಳಲು ನಾಲಿಗೆ ಏಳಲಿಲ್ಲ. ಆಂಟಿ ದಿನಾ ಕಾಫಿ ಕೊಟ್ಟು, "ನೀವಿಲ್ದೆ ಇದ್ದಿದ್ರೆ ಮೋಸ ಹೋಗ್ತಿದ್ದೆ" ಅನ್ನುತ್ತಿದ್ದರು. 

ಐದನೇ ದಿನ ಅವರ ಫೋನಿಗೆ ಮೆಸೇಜು ಬಂತು: ಪಾರ್ಸೆಲ್ ತಡೆಹಿಡಿಯಲಾಗಿದೆ, ಸ್ಕ್ರೀನಿಂಗ್ ಫೀಸು ಆರುನೂರು ಕಟ್ಟಿ.

"ನೋಡಿ, ಮತ್ತೆ ಅದೇ ಕಳ್ರು" ಎಂದು ಆಂಟಿ ನಕ್ಕರು. ನನಗೋ ಹೋದ ಜೀವ ಬಂದಂತಾಯಿತು. ಗೆಡ್ಡೆ ಇನ್ನೂ ಇಲ್ಲೇ ಇದೆ! "ನಾನು ನೋಡ್ಕೋತೀನಿ" ಎಂದು ನಂಬರ್ ಬರೆದುಕೊಂಡು, ಮಹಡಿಗೆ ಹೋಗಿ ಫೋನ್ ಮಾಡಿದೆ. ಲೆಕ್ಕ ನೋಡುವುದು ಹಳೆಯ ಚಟ. ತಪ್ಪು ಸಿಕ್ಕಿತು.

"ಏನ್ರೀ, ಪ್ರೊಸೆಸಿಂಗ್ ಫೀಸು ಹಾಕೇ ಇಲ್ಲ? ಅದಿಲ್ದೆ ಪಾರ್ಸೆಲ್ ಮತ್ತೆ ನಿಲ್ಸಲ್ವಾ?" ಎಂದು ಗದರಿದೆ.

ಆ ಕಡೆಯವನು ವಿನಯದಿಂದ, "ಹೌದು ಸಾರ್, ಒಟ್ಟು ಎಷ್ಟಾಗುತ್ತೆ?" ಅಂದ. ನಾನೇ ಕೂಡಿಸಿ ಹೇಳಿ, ನಾನೇ ಹಣ ಕಳಿಸಿದೆ. ಮರುದಿನದಿಂದ ಆ ನಂಬರ್ ಸ್ವಿಚ್ ಆಫ್. ಈ ಸಲ ಆಂಟಿ ಹೇಳಿದ ಕಳ್ಳರೇ ನಿಜ.

ಕೊನೆಗೆ ಆಂಟಿಯ ಮುಂದೆ ಎಲ್ಲವನ್ನೂ ಒಪ್ಪಿಕೊಂಡೆ. ಅವರು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. "ಸ್ಕೂಟರ್ ಹತ್ತಿ" ಎಂದು ಪೊಲೀಸ್ ಠಾಣೆಗೆ ಕರೆದುಕೊಂಡು ಹೋದರು.

"ಏನ್ ಕೆಲಸ ನಿಮ್ದು?" ಎಂದು ಪೊಲೀಸಿನವರು ಕೇಳಿದರು.

"ಕಸ್ಟಮ್ಸ್..." ಅಂದೆ. ಆಂಟಿ ನನ್ನತ್ತ ತಿರುಗಿದರು. "...ಕಾಗದ ತುಂಬೋ ಗುಮಾಸ್ತ ಸಾರ್" ಎಂದು ಮುಗಿಸಿದೆ.

ಪೊಲೀಸಿನವರು ಮೆಸೇಜು ಓದಿದರು, ನನ್ನ ಬ್ಯಾಂಕ್ ಚೀಟಿ ಓದಿದರು, ಮತ್ತೆ ಮೆಸೇಜು ಓದಿದರು. "ಕಳ್ಳ ಕೇಳಿರೋದು ಆರುನೂರು. ನೀವ್ಯಾಕೆ ಎಂಟುನೂರ ನಲವತ್ತು ಕಳಿಸಿದೀರಾ?"

ತಲೆ ಎತ್ತದೆ ಹೇಳಿದೆ: "ಅದೇ ಸಾರ್ ಸರಿಯಾದ ಲೆಕ್ಕ."