ಅತ್ತೆಯ ರಂಗೋಲಿ ರಸ್ತೆ

ಸಂಜೆ ನಾಲ್ಕು ಗಂಟೆ ನಲವತ್ತು ನಿಮಿಷ. ನನ್ನ ಕೈಗಡಿಯಾರ ಅಲ್ಲಿಗೇ ನಿಂತುಹೋಯಿತು ಎಂದು ಬರೆದರೆ ಕಥೆಗೆ ಕಳೆ ಬರುತ್ತಿತ್ತು. ಆದರೆ ಅದು ನಿಲ್ಲಲಿಲ್ಲ, ಏನೂ ಆಗಿಲ್ಲವೆಂಬಂತೆ ಟಿಕ್ ಟಿಕ್ ಎನ್ನುತ್ತಲೇ ಇತ್ತು. ನಿಂತದ್ದು ನಡೆಯುವುದೊಂದನ್ನು ಬಿಟ್ಟು ಬೇರೆ ಹುಚ್ಚಿಲ್ಲದ ನನ್ನ ಸೋದರತ್ತೆ!

ಆ ಹೊತ್ತಿಗೆ ಮುಟ್ಟುವ ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ರಸ್ತೆ ಮಾಡಲು ಜಲ್ಲಿ, ಡಾಂಬರು, ಟೆಂಡರು, ಮಂತ್ರಿಗಳ ಕೈಯಿಂದ ಒಂದು ತೆಂಗಿನಕಾಯಿ, ಇಷ್ಟೆಲ್ಲ ಬೇಕೆಂದು ನೀವು ತಿಳಿದಿರಬಹುದು. ನಮ್ಮತ್ತೆ ಹುಕ್ಕೇರಿಯಲ್ಲಿ ಒಂದು ಇಡೀ ರಸ್ತೆಯನ್ನು ರಂಗೋಲಿ ಪುಡಿಯಲ್ಲಿ ಮಾಡಿದಳು. ದಿನಾಲೂ ಮಾಡಿದಳು! ಯಾಕೆಂದರೆ ಅದು ದಿನಾಲೂ ಅಳಿಸಿಹೋಗುತ್ತಿತ್ತು.

ತಪ್ಪು ಅವಳದಲ್ಲ, ಹಿಡಕಲ್ ಅಣೆಕಟ್ಟಿನದು. ನಮ್ಮ ಮಾವ ಅಲ್ಲಿ ನೀರಾವರಿ ಇಲಾಖೆಯ ನೌಕರಿಯಲ್ಲಿದ್ದರು. ಅತ್ತೆ ಪ್ರತಿದಿನ ಬೆಳಿಗ್ಗೆ ಅಣೆಕಟ್ಟಿನ ಮೇಲೆ ನಡೆಯುತ್ತಿದ್ದಳು. ಒಂದು ಕಡೆ ನೀರು, ಇನ್ನೊಂದು ಕಡೆ ಗಾಳಿ, ನಡುವೆ ಅವಳು. ವರ್ಷಗಟ್ಟಲೆ ಹೀಗೆ ನಡೆದು, ಈ ಭೂಮಿಯ ಮೇಲೆ ರಸ್ತೆಗಳಿರುವುದು ನಡೆಯುವುದಕ್ಕೆ ಎಂಬ ತಪ್ಪು ತಿಳಿವಳಿಕೆ ಅವಳ ತಲೆಯಲ್ಲಿ ಗಟ್ಟಿಯಾಗಿ ಕೂತುಬಿಟ್ಟಿತ್ತು. ಮಾವ ತೀರಿದ ಮೇಲೆ ಹುಕ್ಕೇರಿಯ ಹಳೇ ಪೇಟೆಯ ಮನೆಗೆ ಬಂದಳು. ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದ ನಾನು ಅವಳ ಮನೆಯಲ್ಲೇ ಇದ್ದೆ, ಅವಳ ಕೈಯಲ್ಲೇ ಉಣ್ಣುತ್ತಿದ್ದೆ. ಅದೂ ಹೊತ್ತು ಮುಳುಗುವ ಮೊದಲೇ, ನಾವು ಜೈನರಲ್ಲವೇ! ಸಂಜೆ ಐದೂವರೆಗೆ ತಾಟಿನ ಮುಂದೆ ಕೂರದಿದ್ದರೆ ನನಗೆ ಮರುದಿನದವರೆಗೆ ನೀರೇ ಗತಿ.

ಅವಳ ಜೊತೆ ನಡೆಯುವುದೆಂದರೆ ಇನ್ನೊಂದು ಪರೀಕ್ಷೆ. ಕಣ್ಣು ನೆಲದ ಮೇಲೆ, ಹತ್ತು ಹೆಜ್ಜೆಗೊಮ್ಮೆ ಗಕ್ಕನೆ ನಿಲುಗಡೆ.

"ಯಾಕ ನಿಂತಿ ಅತ್ತಿ?"

"ಇರುವಿ ಹೊಂಟಾವ, ಕಾಣವಲ್ದೇನು? ಅವೂ ಎಲ್ಲೆರ ಹೋಗಬೇಕಲ್ಲ!"

ಮುಂದೆ ಇರುವೆಗಳ ಸಾಲು, ಹಿಂದೆ ಕಬ್ಬಿನ ಟ್ರ್ಯಾಕ್ಟರಿನ ಹಾರ್ನು. ನಾನು ನಡುವೆ.

ಕಬ್ಬಿನ ಹಂಗಾಮು ಬಂತೆಂದರೆ ಹಳೇ ಪೇಟೆಯ ರಸ್ತೆ ನಮ್ಮದಾಗಿರುತ್ತಿರಲಿಲ್ಲ. ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರ್, ಕಿವಿ ಹರಿಯುವ ಟೇಪ್ ರೆಕಾರ್ಡರ್. ಜನ ಹೊರಗೆ ಬರುವುದನ್ನೇ ಬಿಟ್ಟರು. ಬಳೆಯಂಗಡಿಯ ಬಾಗಿಲು ಅರ್ಧಕ್ಕಿಳಿಯಿತು. ಸೈಕಲ್ ಶಾಪಿನ ಕಾಕಾ ಪಂಪಿಗೆ ಒರಗಿ ನಿದ್ದೆ ಮಾಡುತ್ತಿದ್ದ. ಸರ್ಕಾರ ಶಾಲೆಯ ಮಕ್ಕಳಿಗೆ ಸೈಕಲ್ ಹಂಚಿದ ವರ್ಷ ಅದು. ನಮ್ಮ ಓಣಿಯ ಹುಡುಗಿಯರಿಗೂ ಸಿಕ್ಕಿದ್ದವು. ಏನು ಪ್ರಯೋಜನ? ಆ ರಸ್ತೆಗೆ ಮಗಳನ್ನು ಬಿಡುವ ಎದೆ ಯಾವ ತಂದೆಗಿತ್ತು? ಹೊಸ ಸೈಕಲ್ಲುಗಳು ಪಡಸಾಲೆಯಲ್ಲಿ ನಿಂತು, ಹ್ಯಾಂಡಲ್ಲಿಗೆ ಬೆಳ್ಳುಳ್ಳಿ ಗೊಂಚಲು, ಕ್ಯಾರಿಯರ್ ಮೇಲೆ ಮೆಣಸಿನಕಾಯಿ ಹೊತ್ತು ಗೃಹಸ್ಥಾಶ್ರಮ ಸ್ವೀಕರಿಸಿದ್ದವು.

ಅತ್ತೆಗೆ ಇದು ತಡೆಯಲಿಲ್ಲ. ಗೋಕಾಕದಲ್ಲಿ ಒಂದು ಮದುವೆಗೆ ಹೋದಾಗ, ಕರದಂಟು ಕಡಿಯುತ್ತಿದ್ದ ಇಂಜಿನಿಯರ್ ಒಬ್ಬರನ್ನು ಮೂಲೆಗೆ ಒತ್ತಿ ಹಿಡಿದಳು.

"ಸಾಹೇಬ್ರ, ನಮ್ಮ ರಸ್ತೇದಾಗ ಮಂದಿ ನಡ್ಯಾಕ, ಹುಡಿಗ್ಯಾರು ಸೈಕಲ್ ಹೊಡ್ಯಾಕ ಬಾಜೂಕ ಒಂದೀಟು ಜಾಗಾ ಮಾಡಿ ಕೊಡ್ರಿ."

"ಫುಟ್‌ಪಾತ್ ಎಲ್ಲಾ ದೊಡ್ಡ ಊರಿಗೆ ಇರ್ತಾವ್ರಿ ಬಾಯಾರ."

"ಯಾಕ್ರಿ, ಸಣ್ಣ ಊರಾಗಿನ ಮಂದಿಗೆ ಕಾಲ ಇರಂಗಿಲ್ಲೇನ್ರಿ?"

ಆ ಮನುಷ್ಯ ಬಾಯಲ್ಲಿದ್ದ ಕರದಂಟನ್ನು ಅಗಿಯುವುದನ್ನೇ ಮರೆತ. ಈಗ ನೆನೆಸಿದರೆ ಆ ಮಾತಿಗೆ ನಾನು ಅಷ್ಟು ಜೋರಾಗಿ ನಗಬಾರದಿತ್ತು.

ಉಪಾಯ ಹೊಳೆದದ್ದು ಹತ್ತರಗಿಯಲ್ಲಿ. ಕಣಗಲಾದ ಬೀಗರ ಮನೆಯಿಂದ ಬರುತ್ತ ಬಸ್ಸಿಗೆ ಕಾಯುತ್ತಿದ್ದೆವು. ಹೆದ್ದಾರಿ ಆಗಷ್ಟೇ ಅಗಲವಾಗಿ, ಅಂಚಿಗೆ ಬಿಳಿ ಗೆರೆ ಬಿದ್ದಿತ್ತು. ಅತ್ತೆ ಅದನ್ನೇ ಅರ್ಧ ತಾಸು ನೋಡಿದಳು.

"ತಮ್ಮಾ, ಅಂತಾ ದೊಡ್ಡ ಲಾರಿ, ಆ ಗೆರಿ ದಾಟಿ ಒಂದರ ಈಚೆ ಬಂತೇನ ನೋಡು!"

"ಅದು ಕಾಯದೆ ಅತ್ತಿ."

"ಬಣ್ಣದ ಗೆರಿಗೇ ಇಷ್ಟ ಮರ್ಯಾದಿ ಇದ್ರ, ರಂಗೋಲಿಗೆ ಎಷ್ಟಿರಬ್ಯಾಡ?"

ಮರುದಿನ ನಸುಕಿನಲ್ಲಿ ಕೆಲಸ ಶುರು. ಓಣಿಯ ಬಾಯಿಂದ ಹೆಣ್ಣುಮಕ್ಕಳ ಶಾಲೆಯ ಗೇಟಿನವರೆಗೆ, ಅಂಗಡಿಗಳ ಉದ್ದಕ್ಕೂ ಒಂದೇ ಗೆರೆ. ನಡುನಡುವೆ ಒಂದು ಕಮಲ, ಒಂದು ನವಿಲು. ನಾನು ಮುಖ ಮುಚ್ಚಿಕೊಂಡು ಕಾಲೇಜಿಗೆ ಹೋದೆ. ಸಂಜೆ ಬಂದು ನೋಡುತ್ತೇನೆ, ಟ್ರ್ಯಾಕ್ಟರುಗಳು ಗೆರೆಯಿಂದ ಮಾರು ದೂರ ಸರಿದು ಹೋಗುತ್ತಿವೆ! ರಂಗೋಲಿಯ ಮೇಲೆ ಗಾಲಿ ಹಾಯಿಸಲು ಯಾವ ಡ್ರೈವರಿಗೆ ಮನಸ್ಸು ಬಂದೀತು? ಅವನ ತಾಯಿಯೂ ಬೆಳಿಗ್ಗೆ ಬಾಗಿಲಿಗೆ ಹಾಕಿರುತ್ತಾಳಲ್ಲ!

ಒಬ್ಬ ಡ್ರೈವರ್ ಗಾಡಿ ನಿಧಾನ ಮಾಡಿ ಕೇಳಿಯೇಬಿಟ್ಟ. "ಬಾಯಾರ, ಇವತ್ತ ಏನ ಹಬ್ಬರಿ?"

"ನಡಿಯೂ ಹಬ್ಬ!"

"ನಾಳೆ?"

"ನಾಳಿನೂ ನಡಿಯೂ ಹಬ್ಬನ!"

ವಾರದೊಳಗೆ ಓಣಿಯ ಹೆಂಗಸರು ತಮ್ಮ ತಮ್ಮ ಬಾಗಿಲ ಮುಂದಿನ ಗೆರೆಯನ್ನು ತಾವೇ ವಹಿಸಿಕೊಂಡರು. ಇವಳ ನವಿಲಿಗಿಂತ ಅವಳ ನವಿಲು ದಪ್ಪ ಎಂಬ ಜಗಳವೂ ಆಯಿತು. ಬೆಳ್ಳುಳ್ಳಿ ಗೊಂಚಲು ಇಳಿದವು, ಸೈಕಲ್ಲುಗಳು ಸಂಸಾರ ಬಿಟ್ಟು ಬೀದಿಗೆ ಬಂದವು. ಹುಡುಗಿಯರು ಬಂದರೆಂದು ಬಳೆಯಂಗಡಿಯ ಬಾಗಿಲು ಪೂರಾ ಮೇಲೆದ್ದಿತು. ಸೈಕಲ್ ಶಾಪಿನ ಕಾಕಾಗೆ ನಿದ್ದೆಯೇ ಇಲ್ಲ. "ನಿಮ್ಮ ಅತ್ತಿ ನನ್ನ ನಿದ್ದಿ ತಿಂದ್ಲಲ್ಲೋ ಮಾಸ್ತರಾ" ಎಂದು ನಗುತ್ತ ಪಂಪು ಹೊಡೆಯುತ್ತಿದ್ದ. ಯಾರ ಮನೆಯಲ್ಲಿ ಅಡಗಿದ್ದರೋ ಆ ಮುದುಕರು, ಕೋಲೂರುತ್ತ ಹೊರಬಂದು ಕಟ್ಟೆಗಳನ್ನು ಹಿಡಿದರು. ಸಂಜೆ ಭಜಿಯ ವಾಸನೆ ಬರತೊಡಗಿತು. ಸತ್ತ ಓಣಿ ಎದ್ದು ಕೂತಿತ್ತು.

ಅಲ್ಲಿಗೆ ನಿಲ್ಲಿಸಿದ್ದರೆ! ಒಂದು ದಿನ ರಂಗೋಲಿ ಪುಡಿ ಮುಗಿದು ಅತ್ತೆ ಜೋಳದ ಹಿಟ್ಟಿನಲ್ಲಿ ಗೆರೆ ಎಳೆದಳು. ತಾಸಿನೊಳಗೆ ಹುಕ್ಕೇರಿಯ ಇರುವೆಗಳೆಲ್ಲ ಬಂದು ಸಾಲು ಹಿಡಿದವು. ಅವನ್ನು ತುಳಿಯುವಂತಿಲ್ಲ, ಓಡಿಸುವಂತಿಲ್ಲ. ಅತ್ತೆ ಯೋಚಿಸಿ ತೀರ್ಪು ಕೊಟ್ಟಳು: "ಒಳಗ ಇರುವಿ, ನಡುವ ಮಂದಿ, ಹೊರಗ ಸೈಕಲ್. ಮೂರ ಗೆರಿ ಎಳ್ಯೂಣು."

"ಮೂರನೇದು ರಸ್ತೆದಾಗ ಬರತೈತಿ ಅತ್ತಿ. ಸೈಕಲ್ಲಿಗೆ ಒಂದೂವರೆ ಅಡಿ ಸಾಕು."

"ಹೊಸದಾಗಿ ಕಲ್ತ ಹುಡಿಗಿ ಅತ್ತಾಗ ಇತ್ತಾಗ ಅಲ್ಲಾಡೂದಿಲ್ಲೇನು? ಮೂರ ಅಡಿ ಹಿಡಿ. ದೊಡ್ಡ ಮಾಸ್ತರ ಅದಿ, ಟೇಪ್ ಹಿಡಿಯಾಕ ಬರಂಗಿಲ್ಲ?"

ನಗುತ್ತ ಟೇಪ್ ಹಿಡಿದವನು ನಾನೇ. ಮೂರು ಅಡಿ. ಆ ಅಂಕಿಯನ್ನು ಓದಿದ ನನ್ನ ದನಿ ನನಗೆ ಈಗಲೂ ಕೇಳಿಸುತ್ತದೆ.

ಇನ್ನು ನಾಲ್ಕೂ ನಲವತ್ತು. ಶಾಲೆ ಬಿಟ್ಟು ಹುಡುಗಿಯರ ಸೈಕಲ್ಲುಗಳು ಆಗಲೇ ಓಣಿಗೆ ತಿರುಗಿದ್ದವು. ಪುಣ್ಯ. ನಾನು ಕಾಲೇಜಿನಿಂದ ಸೈಕಲ್ ತಳ್ಳಿಕೊಂಡು ಬರುತ್ತಿದ್ದೆ, ಅತ್ತೆ ಪಕ್ಕದಲ್ಲಿ, ಕಣ್ಣು ನೆಲದ ಮೇಲೆ. ಹಿಂದಿನಿಂದ ಟ್ರ್ಯಾಕ್ಟರ್ ಬಂತು. ರಸ್ತೆಯೊಳಗೆ ಬಂದಿದ್ದ ಮೂರನೇ ಗೆರೆ ಕಂಡ ಡ್ರೈವರ್ ಎಂದಿಗಿಂತ ಹೆಚ್ಚು ಬಲಕ್ಕೆ ಸರಿದ. ಎದುರಿಗೆ ಬಸ್ಸು. ಗಕ್ಕನೆ ಎಡಕ್ಕೆ ತಿರುಗಿಸಿದ. ಟ್ರ್ಯಾಕ್ಟರ್ ತಿರುಗಿತು, ಮೊದಲ ಟ್ರೇಲರ್ ತಿರುಗಿತು, ಎರಡನೆಯದು ತಿರುಗಲಿಲ್ಲ. ವೇಗದಲ್ಲಿರುವ ವಸ್ತು ಹೊರಟ ದಿಕ್ಕಿನಲ್ಲೇ ಹೋಗಬಯಸುತ್ತದೆ ಎಂದು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುವ ನಾನು, ಅದು ಮೊದಲು ಬಲಕ್ಕೆ ವಾಲಿ, ಮರಳಿ ಎಡಕ್ಕೆ ಓಲಾಡಿ ನಮ್ಮ ಕಡೆ ಮಗುಚುವುದನ್ನು ಬಾಯಿ ತೆರೆದು ನೋಡುತ್ತ ನಿಂತಿದ್ದೆ. ಎರಡು ಕೈ ನನ್ನ ಎದೆಗೆ ಬಡಿದವು. ಬಳೆಯಂಗಡಿಯ ಮೆಟ್ಟಿಲ ಮೇಲೆ ಹೋಗಿ ಬಿದ್ದೆ. ಕನ್ನಡಕ ಎಲ್ಲೋ ಹಾರಿತು. ಅದನ್ನು ಹುಡುಕಿ ಹಾಕಿಕೊಂಡಾಗ ರಸ್ತೆಯ ಮೇಲೆ ಗೆರೆ ಇರಲಿಲ್ಲ, ಕಬ್ಬಿನ ಗುಡ್ಡೆ ಇತ್ತು. ಅತ್ತೆ ಅದರ ಅಂಚಿನಲ್ಲಿ ಕೂತಿದ್ದಳು, ಎಡಗಾಲು ಒಳಗೆ.

"ಕಾಲ ಎಳೀಬ್ಯಾಡ್ರಿ," ಎಂದಳು ಓಡಿ ಬಂದವರಿಗೆ. "ಮೊದಲ ಕಬ್ಬ ತಗೀರಿ."

ಪಾದ ಉಳಿಯಲಿಲ್ಲ.

ಆಸ್ಪತ್ರೆಯ ವರಾಂಡದಲ್ಲಿ ಆ ಡ್ರೈವರ್ ನನ್ನ ಕೈ ಹಿಡಿದು ಅತ್ತ. "ರಂಗೋಲಿ ತುಳಿಬಾರ್ದಂತ ಸರಿಸಿದ್ನಿರಿ ಸರ್, ಖರೇನ ಹೇಳ್ತೇನಿ, ತುಳಿಬಾರ್ದಂತ." ಅವನು ಗೆರೆಗೆ ಮರ್ಯಾದೆ ಕೊಟ್ಟಿದ್ದ. ಟೇಪ್ ಹಿಡಿದವನು ನಾನು.

ಒಳಗೆ ಅತ್ತೆ ಕಾಲಿನ ಬ್ಯಾಂಡೇಜು ನೋಡಿಕೊಂಡು, "ಇನ್ನ ಇರುವಿಗೆ ಅರ್ಧ ಅಂಜಿಕಿ ಕಡಿಮಿ ಆತ ಬಿಡು" ಎಂದಳು. ನರ್ಸು ನಕ್ಕಳು. ನಾನು ಹೊರಗೆ ಬಂದೆ.

ಓಣಿಯಲ್ಲಿ ಆಮೇಲೆ ಯಾರೂ ಗೆರೆ ಎಳೆಯಲಿಲ್ಲ. ಬಾಗಿಲ ರಂಗೋಲಿ ಕೂಡ ಹೊಸ್ತಿಲೊಳಗೆ ಸರಿಯಿತು. ಸೈಕಲ್ಲುಗಳು ಮತ್ತೆ ಬೆಳ್ಳುಳ್ಳಿ ಹೊತ್ತವು, ಬಳೆಯಂಗಡಿ ಅರ್ಧಕ್ಕಿಳಿಯಿತು, ಕಾಕಾ ಪಂಪಿಗೆ ಒರಗಿದ. ಟ್ರ್ಯಾಕ್ಟರುಗಳು ಅಂಗಡಿಯ ಮೆಟ್ಟಿಲು ಸವರಿಕೊಂಡು ಓಡತೊಡಗಿದವು. ಎದ್ದು ಕೂತಿದ್ದ ಓಣಿಯನ್ನು ಇನ್ನೊಮ್ಮೆ ಎಬ್ಬಿಸುವವರು ಯಾರೂ ಇಲ್ಲವೆಂದು ನನಗೆ ಗೊತ್ತಿತ್ತು. ಇವತ್ತಿಗೂ ಇಲ್ಲ.

ಊರುಗೋಲಿನೊಂದಿಗೆ ಮನೆಗೆ ಬಂದ ಅತ್ತೆ ರಾತ್ರಿಯಿಡೀ ಗೊರಕೆ ಹೊಡೆದು ಮಲಗುತ್ತಿದ್ದಳು. ಕಾಲು ಕಳೆದುಕೊಂಡವಳು ಅವಳು, ನಿದ್ದೆ ಕಳೆದುಕೊಂಡವನು ನಾನು! ರಸ್ತೆಯಲ್ಲಿ ಟ್ರೇಲರ್ ಗಡಗಡ ಎಂದರೆ ಎದ್ದು ಕೂರುತ್ತಿದ್ದೆ. ಎದೆಯ ಮೇಲೆ ಆ ಎರಡು ಕೈ. ಒಂದೂವರೆ ಅಡಿ ಎಂದೇ ಪಟ್ಟು ಹಿಡಿದಿದ್ದರೆ? ಬಾಯಿ ತೆರೆದು ನಿಲ್ಲುವ ಬದಲು ನಾನೇ ಅವಳನ್ನು ಎಳೆದಿದ್ದರೆ? ತಿಂಗಳುಗಟ್ಟಲೆ ಇದೇ ಲೆಕ್ಕ, ಒಂದು ಸಲವೂ ಬೇರೆ ಉತ್ತರ ಬರಲಿಲ್ಲ.

ಅವಳಿಗೆ ಹೇಗೆ ಗೊತ್ತಾಯಿತೋ. ಒಂದು ರವಿವಾರ, ಹೊತ್ತು ಮುಳುಗುವ ಮೊದಲು ಊಟ ಮುಗಿಸಿ ಕೋಣೆಗೆ ಬಂದರೆ, ಅತ್ತೆ ನೆಲದ ಮೇಲೆ ಕೂತು ಸರಿದುಕೊಂಡು ಸರಿದುಕೊಂಡು ನನ್ನ ಮಂಚದ ಸುತ್ತ ರಂಗೋಲಿ ಗೆರೆ ಎಳೆಯುತ್ತಿದ್ದಾಳೆ. ಆಸ್ಪತ್ರೆಯಿಂದ ಬಂದ ಮೇಲೆ ಅವಳು ಆ ಡಬ್ಬಿ ಮುಟ್ಟಿದ್ದು ಅದೇ ಮೊದಲು.

"ಏನ ಮಾಡಾಕತ್ತಿ ಅತ್ತಿ?"

"ಸುಮ್ನಿರು. ಇದನ್ನ ದಾಟಿ ಯಾವ ಟ್ರ್ಯಾಕ್ಟರೂ ಬರಂಗಿಲ್ಲ. ಮಲ್ಕೋ."

ಯಾವ ಗೆರೆಯೂ ಏನನ್ನೂ ತಡೆಯುವುದಿಲ್ಲ. ಅದು ನನಗೂ ಗೊತ್ತು, ಒಂದು ಪಾದ ಕೊಟ್ಟು ಕಲಿತ ಅವಳಿಗೂ ಗೊತ್ತು. ಆದರೂ ಅವಳು ಸುತ್ತು ಮುಗಿಸಿದಳು. ತಲೆದೆಸೆಯಲ್ಲಿ ಮಾತ್ರ ನಾಲ್ಕು ಬೆರಳಿನಷ್ಟು ಜಾಗ ಹಾಗೇ ಬಿಟ್ಟಳು.

"ಇಲ್ಲೆ ಯಾಕ ಬಿಟ್ಟಿ?"

"ಇರುವಿ ಎಲ್ಲಿಂದ ಹೋಗಬೇಕೋ ಹುಚ್ಚಾ?"

ಆ ರವಿವಾರ ರಾತ್ರಿ ಎಷ್ಟು ಟ್ರೇಲರ್ ಹೋದವೋ ನನಗೆ ಗೊತ್ತಿಲ್ಲ. ಕಣ್ಣು ಬಿಟ್ಟಾಗ ಬಿಸಿಲು ಗೆರೆ ದಾಟಿ ಹಾಸಿಗೆಗೆ ಬಂದಿತ್ತು.